ಕರುವಿಗೆ ಗಿಣ್ಣು, ಕೂಸಿಗೆ ಬೆಲ್ಲದ ನೀರು? ಎದೆಹಾಲು ಕರುಳಿನೊಳಗೆ ಮಾಡುವ ಕೆಲಸ

ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಸು ಸಾಕುವವರನ್ನು ಯಾರನ್ನೇ ಕೇಳಿ, ಕರು ಹಾಕಿದ ತಕ್ಷಣ ಏನು ಮಾಡಬೇಕು ಅಂತ. ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಮೂಗು ಬಾಯಿ ಒರೆಸು, ಕರು ತಡವರಿಸುತ್ತಾ ಎದ್ದು ನಿಂತ ಕೂಡಲೇ ಕೆಚ್ಚಲಿಗೆ ಬಿಡು, ಗಿಣ್ಣುಹಾಲು ಹೊಟ್ಟೆಗೆ ಹೋಗಲಿ. ನಡುರಾತ್ರಿ ಆದರೂ ಸರಿ, ಬೆಳಿಗ್ಗೆ ನೋಡೋಣ ಅನ್ನುವ ಮಾತಿಲ್ಲ. ಕರು ತಾನಾಗಿ ಚೀಪದಿದ್ದರೆ ಬಾಯಿಗೆ ಬೆರಳಿಟ್ಟು, ಚೀಪುವುದನ್ನು ಕಲಿಸಿ ಕುಡಿಸುತ್ತಾರೆ. ಮಿಕ್ಕ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಅಕ್ಕಪಕ್ಕದ ಮನೆಗೆ ಹಂಚುವುದೆಲ್ಲ ಆಮೇಲಿನ ಮಾತು. ಮೊದಲು ಕರು.

ಅದೇ ಮನೆಗೆ ಮಗಳು ಬಾಣಂತನಕ್ಕೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಮೊದಲ ಎರಡು ಮೂರು ದಿನ ಬರುವ ಹಳದಿ, ಅಂಟಂಟು ಹಾಲನ್ನು ನೋಡಿ "ಇದು ಕೆಟ್ಟ ಹಾಲು, ಹಿಂಡಿ ಚೆಲ್ಲು" ಅನ್ನುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. "ಇನ್ನೂ ಹಾಲು ಇಳಿದಿಲ್ಲ, ಕೂಸು ಹಸಿದುಕೊಂಡಿದೆ" ಅಂತ ಒಳಲೆಯಲ್ಲಿ ಬೆಲ್ಲದ ನೀರು ಹಿಡಿದುಕೊಂಡು ಇನ್ನೊಬ್ಬರು ಬರುತ್ತಾರೆ. ನಾಲಿಗೆಗೆ ಜೇನುತುಪ್ಪ ಸವರುವುದು, ಹರಳೆಣ್ಣೆ, ಬಜೆ ತೇಯ್ದು ಹಾಕುವುದು ಬೇರೆ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗುವುದರಿಂದ ಅಲ್ಲಿರುವಷ್ಟು ಹೊತ್ತು ನರ್ಸಮ್ಮನ ಕಣ್ಣು ಇರುತ್ತದೆ. ಡಿಸ್ಚಾರ್ಜ್ ಆಗಿ ಮನೆ ಹೊಸಿಲು ದಾಟಿದ ಮೇಲೆ ಯಾರ ಕಣ್ಣೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಇದು ನಮ್ಮೊಬ್ಬರ ಮನೆ ಕತೆ ಅಲ್ಲ ಅಂತ ಗೊತ್ತಾಗುತ್ತದೆ. ಇಡೀ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇಕಡಾ 41.8ರಷ್ಟು ಮಕ್ಕಳಿಗೆ. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇಕಡಾ 63.7.

"ಎದೆಹಾಲು ಅಮೃತ", "ರೋಗನಿರೋಧಕ ಶಕ್ತಿ ಕೊಡುತ್ತದೆ" ಅಂತ ಪ್ರತಿ ಆಗಸ್ಟ್ ಮೊದಲ ವಾರ ಬ್ಯಾನರ್ ಕಟ್ಟುತ್ತಾರೆ. ತಪ್ಪಲ್ಲ. ಆದರೆ ಅಷ್ಟೇ ಹೇಳಿದರೆ ಅಜ್ಜಿ ಯಾಕೆ ಒಪ್ಪಬೇಕು? ಜೇನುತುಪ್ಪಾನೂ ಅಮೃತ ಅಂತಲೇ ಅವರು ಕೇಳಿಕೊಂಡು ಬಂದಿದ್ದಾರೆ. "ಶಕ್ತಿ" ಅನ್ನುವ ಪದ ಏನನ್ನೂ ಬಿಡಿಸಿ ಹೇಳುವುದಿಲ್ಲ. ಹಾಲಿನೊಳಗೆ ಏನಿದೆ, ಅದು ಕೂಸಿನ ಕರುಳಿಗೆ ಇಳಿದ ಮೇಲೆ ಏನು ಮಾಡುತ್ತದೆ, ವಾಂತಿ ಭೇದಿ ತರುವ ಕ್ರಿಮಿಗೆ ಎಲ್ಲಿ ಅಡ್ಡ ಬರುತ್ತದೆ ಅಂತ ಒಂದೊಂದಾಗಿ ನೋಡಿದರೆ, ಒಂದು ಚಮಚ ಬೆಲ್ಲದ ನೀರು ಕೂಡ ಯಾಕೆ ಬೇಡ ಅನ್ನುವುದು ತಾನಾಗೇ ಅರ್ಥವಾಗುತ್ತದೆ.

ಮೊದಲು ಕೂಸಿನ ಹೊಟ್ಟೆ ಹೇಗಿರುತ್ತದೆ ನೋಡೋಣ. ಒಂಬತ್ತು ತಿಂಗಳು ಗರ್ಭದೊಳಗೆ ಅದಕ್ಕೆ ಊಟ ಬಂದಿದ್ದು ಹೊಕ್ಕುಳಬಳ್ಳಿಯಿಂದ. ಹೊರಗೆ ಬಂದ ದಿನದಿಂದ ಎಲ್ಲವೂ ಬಾಯಿಂದಲೇ. ನಮ್ಮ ಹೊಟ್ಟೆಯ ಆಮ್ಲ ಎಷ್ಟೋ ಕ್ರಿಮಿಗಳನ್ನು ಅಲ್ಲೇ ಸಾಯಿಸುತ್ತದೆ. ಹಸಿಗೂಸಿನ ಹೊಟ್ಟೆಯ ಆಮ್ಲ ಇನ್ನೂ ಅಷ್ಟು ಖಾರ ಇರುವುದಿಲ್ಲ. ಕರುಳಿನ ಒಳಪದರ ಬಲಿತಿರುವುದಿಲ್ಲ. ಆ ಪದರದ ಮೇಲೆ ಕಾವಲಿಗಿರುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಕೂಸಿನ ಕರುಳು ತಾನಾಗಿ ಮಾಡಿಕೊಳ್ಳುವುದು ಮೊದಲ ವಾರಗಳಲ್ಲಿ ತೀರಾ ಕಡಿಮೆ. ಅಂದರೆ ಕ್ರಿಮಿಗಳು ಒಳಗೆ ಬರುವುದು ಶುರುವಾದ ಹೊತ್ತಿನಲ್ಲೇ ತಡೆಯುವ ವ್ಯವಸ್ಥೆ ಇನ್ನೂ ತಯಾರಿಲ್ಲ. ಆ ಖಾಲಿ ಜಾಗ ತುಂಬುವುದು ಹಾಲು.

ಇಲ್ಲಿ ಕರುವಿಗೂ ಕೂಸಿಗೂ ಒಂದು ವ್ಯತ್ಯಾಸ ಇದೆ, ಹೈನುಗಾರಿಕೆ ಗೊತ್ತಿರುವವರಿಗೆ ಇದು ರುಚಿಸುತ್ತದೆ. ಹಸುವಿನ ಮಾಸು ತಾಯಿಯ ಪ್ರತಿಕಾಯಗಳನ್ನು ಕರುವಿನ ರಕ್ತಕ್ಕೆ ದಾಟಿಸುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲ ಅಂದರೂ ನಡೆಯುತ್ತದೆ. ಗಿಣ್ಣಿನಲ್ಲಿ ಐಜಿಜಿ ಅನ್ನುವ ಪ್ರತಿಕಾಯ ಬೇಕಾದಷ್ಟಿದೆ. ಹುಟ್ಟಿದ ಸುಮಾರು 24 ಗಂಟೆ ಮಾತ್ರ ಕರುವಿನ ಕರುಳು ಅದನ್ನು ಇಡಿಯಾಗಿ ರಕ್ತಕ್ಕೆ ಎಳೆದುಕೊಳ್ಳುತ್ತದೆ, ಗಂಟೆ ಕಳೆದಂತೆ ಆ ದಾರಿ ಮುಚ್ಚುತ್ತಾ ಹೋಗುತ್ತದೆ. ಅದಕ್ಕೇ ರೈತರ ಆ ಅವಸರ. ಮನುಷ್ಯರಲ್ಲಿ ಹಾಗಲ್ಲ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮಾಸಿನ ಮೂಲಕವೇ ಐಜಿಜಿ ಮಗುವಿನ ರಕ್ತಕ್ಕೆ ಹೋಗಿರುತ್ತದೆ. ರಕ್ತಕ್ಕೆ ಬಂತು, ಸರಿ. ಕರುಳಿನ ಒಳಮೈಗೆ? ಅಲ್ಲಿಗೆ ಬೇರೆ ಜಾತಿಯ ಪ್ರತಿಕಾಯ ಬೇಕು, ಅದರ ಹೆಸರು ಐಜಿಎ. ಅದು ಬರುವುದು ಎದೆಹಾಲಿನಲ್ಲಿ. ಹಾಗಾಗಿ "ಹಸುವಿನ ಹಾಲೂ ಹಾಲೇ ಅಲ್ವಾ" ಅನ್ನುವ ಮಾತು ನಿಲ್ಲುವುದಿಲ್ಲ. ಹಸುವಿನ ಹಾಲು ಕರುವಿನ ಕೊರತೆ ತುಂಬಲು ಬಂದಿದ್ದು. ಎದೆಹಾಲು ಕೂಸಿನ ಕೊರತೆಗೆ.

ಈ ಐಜಿಎ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ನನಗೆ ಇಡೀ ಕತೆಯಲ್ಲಿ ಅತಿ ಸೋಜಿಗ ಅನಿಸಿದ್ದು ಇದೇ.

ಪ್ರತಿಕಾಯ ಅಂದರೆ ಪ್ರೋಟೀನ್. ಹೊಟ್ಟೆಗೆ ಹೋದ ಪ್ರೋಟೀನ್ ಜೀರ್ಣವಾಗಿ ಹೋಗಬೇಕು, ಬೇಳೆ ಜೀರ್ಣವಾಗುವ ಹಾಗೆ. ಹಾಲಿನ ಐಜಿಎ ಮಾತ್ರ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಎರಡು ಐಜಿಎ ಜೋಡಿಯಾಗಿ, ಅದರ ಸುತ್ತ ಇನ್ನೊಂದು ಪ್ರೋಟೀನ್ ತುಂಡು ಸುತ್ತಿಕೊಂಡು ಬರುತ್ತದೆ. ಎದೆಯ ಹಾಲುಗ್ರಂಥಿಯ ಕೋಶಗಳನ್ನು ದಾಟಿ ಹಾಲಿಗೆ ಬರುವಾಗ ಸೇರಿಕೊಳ್ಳುವ ತುಂಡು ಅದು. ಜೀರ್ಣರಸ ಅದನ್ನು ಬೇಗ ಕತ್ತರಿಸಲಾಗುವುದಿಲ್ಲ. ಇದನ್ನು ಸ್ರವಿಕ ಐಜಿಎ ಅನ್ನುತ್ತಾರೆ. ಹಾಲಿನಲ್ಲಿರುವ ಐಜಿಎ ರಕ್ತದ ಐಜಿಎಗಿಂತ ಬೇರೆ ರೂಪದ್ದು ಅಂತ 1961ರಲ್ಲಿ ಗುರುತಿಸಿದವರು ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್. ಮೊದಲ ದಿನಗಳ ಹಳದಿ ಹಾಲಿನಲ್ಲಿ ಇದು ವಿಪರೀತ ಜಾಸ್ತಿ, ನಂತರದ ಹಾಲಿಗಿಂತ ಹತ್ತು ಪಟ್ಟಿನವರೆಗೂ ಇರಬಹುದು. ಹಳದಿ ಹಾಲು ಬರುವುದು ಕೆಲವೇ ಚಮಚ. ಆ ಕೆಲವೇ ಚಮಚದಲ್ಲಿ ಅಷ್ಟು ಪ್ರತಿಕಾಯ. ಅದನ್ನೇ ನಾವು ಬಟ್ಟೆಗೆ ಹಿಂಡಿ ಒಗೆಯಲು ಹಾಕುವುದು.

ಕರುಳಿಗೆ ಇಳಿದ ಐಜಿಎ ರಕ್ತಕ್ಕೆ ಹೋಗುವುದಿಲ್ಲ, ಅಲ್ಲೇ ಲೋಳೆಯ ಪದರದಲ್ಲಿ ಇರುತ್ತದೆ. ರೋಗಾಣು ಬಂದರೆ ಅದಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕು ರೋಗಾಣು ಒಟ್ಟಿಗೆ ಗಂಟಾಗಿ, ಕರುಳಿನ ಗೋಡೆ ಮುಟ್ಟಲಾಗದೆ, ಮಲದ ಜೊತೆ ಹೊರಗೆ ಹೋಗುತ್ತವೆ. ಇದರಲ್ಲಿ ಇನ್ನೊಂದು ನಾಜೂಕು ಇದೆ. ನಮ್ಮ ರಕ್ತದಲ್ಲಿ ಪ್ರತಿಕಾಯ ಕೆಲಸ ಮಾಡಿದರೆ ಜ್ವರ, ಊತ, ಉರಿ ಎಲ್ಲ ಜೊತೆಗೆ ಬರುತ್ತದೆ. ಐಜಿಎ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ, ಉರಿಯೂತ ಎಬ್ಬಿಸುವುದಿಲ್ಲ. ಬಲಿಯದ ಕರುಳಿಗೆ ಊತ ಬಂದರೆ ಅದೇ ಒಂದು ಕಾಯಿಲೆ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಸರಿ, ಯಾವ ರೋಗಾಣುವಿಗೆ ಪ್ರತಿಕಾಯ ಮಾಡಬೇಕು ಅಂತ ಎದೆಗೆ ಹೇಗೆ ಗೊತ್ತು? ಎದೆಗೆ ಗೊತ್ತಿಲ್ಲ. ತಾಯಿಯ ಕರುಳಿಗೆ ಗೊತ್ತು. ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಪುಟ್ಟ ಗುಂಪುಗಳಾಗಿ ರೋಗನಿರೋಧಕ ಕೋಶಗಳು ಕೂತಿರುತ್ತವೆ. ತಾಯಿ ಉಂಡ ಅನ್ನ, ಕುಡಿದ ನೀರಿನ ಜೊತೆ ಹೋದ ಕ್ರಿಮಿಗಳನ್ನು ಅವು ಪರೀಕ್ಷಿಸುತ್ತವೆ. ಪರಿಚಯವಾದ ಕ್ರಿಮಿಗೆ ತಕ್ಕ ಪ್ರತಿಕಾಯ ಮಾಡಲು ಕಲಿತ ಕೋಶಗಳು ಅಲ್ಲಿಂದ ಹೊರಟು, ದುಗ್ಧರಸದ (ಇದು ಹಾಲಲ್ಲ, ಲಿಂಫ್ ಅನ್ನುವ ಮೈಯೊಳಗಿನ ದ್ರವ) ನಾಳ, ರಕ್ತ ಎಲ್ಲ ಸುತ್ತಿ, ಬಸಿರಿನ ಕೊನೆಯಲ್ಲೂ ಬಾಣಂತನದಲ್ಲೂ ಎದೆಯ ಗ್ರಂಥಿಗೆ ಬಂದು ನೆಲೆಯಾಗುತ್ತವೆ. ಅಲ್ಲಿ ಕೂತು ಅದೇ ಕ್ರಿಮಿಯ ವಿರುದ್ಧ ಐಜಿಎ ಮಾಡಿ ಹಾಲಿಗೆ ಬಿಡುತ್ತವೆ. ಇದು ಬರೀ ಊಹೆ ಅಲ್ಲ. ಬಸುರಿಯರಿಗೆ ರೋಗ ತರದ ಒಂದು ಬಗೆಯ ಇ. ಕೋಲೈ ಬ್ಯಾಕ್ಟೀರಿಯಾ ಕುಡಿಸಿ, ಹೆರಿಗೆ ಆದ ಮೇಲೆ ಹಳದಿ ಹಾಲಿನಲ್ಲಿ ಅದೇ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯ ಮಾಡುವ ಕೋಶಗಳು ಸಿಕ್ಕಿದ್ದನ್ನು 1975ರಲ್ಲೇ ತೋರಿಸಿದ್ದಾರೆ.

ಇದನ್ನು ನಮ್ಮ ಊರಿಗೆ ತಂದು ನೋಡಿ. ನಮ್ಮ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್, ಸಂಪು, ಮೇಲೆ ಸಿಂಟೆಕ್ಸ್. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ, ಒಳ್ಳೆಯದೇ, ಫ್ಲೋರೈಡ್ ಕಾಟ ಇರುವ ಪಾವಗಡ, ಬಾಗೇಪಲ್ಲಿ ಕಡೆ ಬೇರೆ ದಾರಿ ಇಲ್ಲ. ಆದರೆ ಕ್ಯಾನಿನ ನೀರು ಬಿಂದಿಗೆಗೆ ಬಿದ್ದು, ಅದರೊಳಗೆ ಮನೆಮಂದಿಯೆಲ್ಲ ಲೋಟ ಅದ್ದಿದ ಮೇಲೆ ಆ ಶುದ್ಧತೆ ಎಷ್ಟು ಉಳಿಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಆ ಬಿಂದಿಗೆಯ ಕ್ರಿಮಿ, ಆ ಕೊಟ್ಟಿಗೆಯ ಕ್ರಿಮಿ, ಆ ಮನೆಯ ಕೈಗಳ ಕ್ರಿಮಿ ತಾಯಿಯ ಕರುಳಿಗೂ ಹೋಗಿರುತ್ತದೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಬಂದ ಹೆಣ್ಣುಮಗಳು ಅಲ್ಲಿನ ನೀರು ಕುಡಿಯುತ್ತಾಳೆ, ಅವಳ ಕರುಳು ಅಲ್ಲಿನ ಕ್ರಿಮಿಗಳ ಪರಿಚಯ ಮಾಡಿಕೊಳ್ಳುತ್ತದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದರೆ ಅಲ್ಲಿನದೂ ಸೇರುತ್ತದೆ. ಕೂಸಿನ ಬಾಯಿಗೆ ಹೋಗುವುದೂ ಅವೇ ಕ್ರಿಮಿಗಳು ತಾನೇ? ಡಬ್ಬಿಯ ಹಾಲಿನ ಪುಡಿಗೆ ನಿಮ್ಮ ಮನೆ ಬಿಂದಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಬಾಣಂತಿಗೆ ಹೊಟ್ಟೆ ಕೆಟ್ಟರೆ, ಸಾಧಾರಣ ಶೀತ ಜ್ವರ ಬಂದರೆ "ಮಗುವಿಗೆ ಅಂಟುತ್ತೆ, ಹಾಲು ಕೊಡಬೇಡ" ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಅವಳಿಗೆ ಕಾಯಿಲೆ ಗೊತ್ತಾಗುವ ಹೊತ್ತಿಗೆ ಮಗು ಆ ಕ್ರಿಮಿಯ ಜೊತೆ ಮಲಗಿ ಎದ್ದಾಗಿರುತ್ತದೆ. ಅದಕ್ಕೆ ಬೇಕಾದ ಪ್ರತಿಕಾಯ ಹಾಲಿಗೆ ಬರಲು ಶುರುವಾಗುವ ಹೊತ್ತಿನಲ್ಲಿ ಹಾಲನ್ನೇ ನಿಲ್ಲಿಸಿದರೆ ಕೆಲಸ ಕೆಟ್ಟ ಹಾಗೆ. ಕೈ ಸೋಪಿನಲ್ಲಿ ತೊಳೆದುಕೊಂಡು ಕುಡಿಸಬೇಕು, ಅಷ್ಟೇ. ಎಚ್ಐವಿಯಂಥ ಕೆಲವೇ ವಿಷಯಗಳು, ಕೆಲವು ಮಾತ್ರೆಗಳು ಬೇರೆ, ಅದಕ್ಕೆ ವೈದ್ಯರು ಹೇಳಿದ ಹಾಗೆ.

ಇನ್ನು ಸಕ್ಕರೆಗಳ ವಿಷಯ. ಎದೆಹಾಲಿನ ಸಿಹಿ ಲ್ಯಾಕ್ಟೋಸಿನದು. ಅದನ್ನು ಬಿಟ್ಟು ಇನ್ನೊಂದು ಗುಂಪಿನ ಸಕ್ಕರೆಗಳಿವೆ, ಹೆಸರು ಉದ್ದ: ಹ್ಯೂಮನ್ ಮಿಲ್ಕ್ ಆಲಿಗೋಸ್ಯಾಕರೈಡ್. ಚಿಕ್ಕದಾಗಿ ಎಚ್‌ಎಂಒ ಅನ್ನುತ್ತಾರೆ. ಇದುವರೆಗೆ 150ಕ್ಕೂ ಜಾಸ್ತಿ ಬಗೆ ಗುರುತಿಸಿದ್ದಾರೆ. ಒಂದು ಲೀಟರ್ ಹಾಲಿಗೆ ಸುಮಾರು 5ರಿಂದ 15 ಗ್ರಾಂ, ನೀರು ಬಿಟ್ಟರೆ ಲ್ಯಾಕ್ಟೋಸ್, ಕೊಬ್ಬಿನ ನಂತರದ ಸ್ಥಾನ ಇದಕ್ಕೇ. ಹಸುವಿನ ಹಾಲಿನಲ್ಲಿ ಇಂಥವು ತೀರಾ ಅತ್ಯಲ್ಪ. ತಮಾಷೆ ಏನೆಂದರೆ ಕೂಸಿಗೆ ಇದನ್ನು ಜೀರ್ಣಿಸಿಕೊಳ್ಳಲು ಬರುವುದಿಲ್ಲ. ತಾಯಿಯ ಮೈ ಇಷ್ಟು ಕಷ್ಟಪಟ್ಟು ಮಾಡಿದ್ದು ಮಗುವಿಗೆ ಊಟವೇ ಅಲ್ಲ ಅಂದರೆ, ಮತ್ಯಾರಿಗೆ?

ಒಂದು ಪಾಲು ಬ್ಯಾಕ್ಟೀರಿಯಾಗೆ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೇ ಅನ್ನುವವರು ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ಕಂಡರು. ಈಗ ಅದು ಬೈಫಿಡೋಬ್ಯಾಕ್ಟೀರಿಯಂ. ಇದರ ಕೆಲವು ಜಾತಿಗಳಿಗೆ, ಮುಖ್ಯವಾಗಿ ಇನ್ಫಾಂಟಿಸ್ ಅನ್ನುವುದಕ್ಕೆ, ಈ ಸಕ್ಕರೆಗಳನ್ನು ತಿಂದು ಅರಗಿಸುವ ಕಲೆ ಚೆನ್ನಾಗಿ ಗೊತ್ತು. ಭೇದಿ ತರುವ ಬಹುತೇಕ ಬ್ಯಾಕ್ಟೀರಿಯಾಗಳಿಗೆ ಗೊತ್ತಿಲ್ಲ. ಹಾಗಾಗಿ ಬರೀ ಎದೆಹಾಲು ಕುಡಿಯುವ ಮಗುವಿನ ದೊಡ್ಡ ಕರುಳಿನಲ್ಲಿ ಬೈಫಿಡೋ ಹುಲುಸಾಗಿ ಬೆಳೆದು ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ತಿಂದು ಹೊರಗೆ ಬಿಡುವುದು ಅಸಿಟೇಟ್, ಲ್ಯಾಕ್ಟೇಟ್, ಅಂದರೆ ಹುಳಿ ಪದಾರ್ಥಗಳು. ಕರುಳು ಹುಳಿಯಾಯಿತು ಅಂದರೆ ಎಷ್ಟೋ ರೋಗಾಣುಗಳಿಗೆ ಅಲ್ಲಿ ಬಾಳಲಾಗದು.

ಇನ್ನೊಂದು ಪಾಲಿನ ಕೆಲಸ ಇದಕ್ಕಿಂತ ಜಾಣತನದ್ದು. ಹೊಲದ ಬದುವಿನಲ್ಲಿ ನಡೆದು ಬಂದರೆ ಉತ್ತರಾಣಿ ಕಾಳು ಪಂಚೆ ಅಂಚಿಗೆ ಕಚ್ಚಿಕೊಳ್ಳುತ್ತದಲ್ಲ, ರೋಗಾಣುವೂ ಮೊದಲು ಹಾಗೆ ಕರುಳಿನ ಗೋಡೆಗೆ ಕಚ್ಚಿಕೊಳ್ಳಬೇಕು. ಕಚ್ಚದೆ ಇದ್ದರೆ ಕರುಳಿನ ಹರಿವಿನ ಜೊತೆ ಹೊರಟು ಹೋಗುತ್ತದೆ. ಕಚ್ಚಿಕೊಳ್ಳಲು ಅದು ಹುಡುಕುವುದು ಕರುಳಿನ ಕೋಶಗಳ ಮೇಲಿರುವ ಸಣ್ಣ ಸಣ್ಣ ಸಕ್ಕರೆ ಸರಪಳಿಗಳನ್ನು. ಹಾಲಿನ ಎಚ್‌ಎಂಒಗಳಲ್ಲಿ ಕೆಲವು ನೋಡಲು ಥೇಟ್ ಆ ಸರಪಳಿಗಳ ಹಾಗೇ ಇವೆ. ಕಾಳಿನ ಮುಳ್ಳಿಗೆ ಮೊದಲೇ ನೂಲಿನ ಎಳೆ ಸುತ್ತಿಕೊಂಡಿದ್ದರೆ ಅದು ಪಂಚೆಗೆ ಹೇಗೆ ಕಚ್ಚೀತು? ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ವಿಷಯದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಮೆಕ್ಸಿಕೋ ನಗರದ ತಾಯಿ ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಲಿನಲ್ಲಿ 2-ಫ್ಯೂಕೋಸಿಲ್‌ಲ್ಯಾಕ್ಟೋಸ್ ಅನ್ನುವ ಎಚ್‌ಎಂಒ ಜಾಸ್ತಿ ಇದ್ದ ತಾಯಂದಿರ ಮಕ್ಕಳಿಗೆ ಆ ಬ್ಯಾಕ್ಟೀರಿಯಾದ ಭೇದಿ ಕಡಿಮೆ ಬಂದಿತ್ತು. ಈ ಸಕ್ಕರೆ ಎಲ್ಲ ತಾಯಂದಿರ ಹಾಲಿನಲ್ಲಿ ಒಂದೇ ಸಮ ಇರುವುದಿಲ್ಲ, ಎಫ್‌ಯುಟಿ2 ಅನ್ನುವ ವಂಶವಾಹಿಯ ಮೇಲೆ ನಿಂತಿದೆ. ಇಲ್ಲದವರ ಹಾಲಿನಲ್ಲಿ ಬೇರೆ ಎಚ್‌ಎಂಒಗಳಿರುತ್ತವೆ, ಚಿಂತೆ ಬೇಡ.

ಇತ್ತೀಚೆಗೆ ಕೆಲವು ದುಬಾರಿ ಹಾಲಿನ ಪುಡಿಗಳ ಡಬ್ಬಿ ಮೇಲೆ "ಎಚ್‌ಎಂಒ ಇದೆ" ಅಂತ ಇರುತ್ತದೆ. ಸುಳ್ಳಲ್ಲ. ಬ್ಯಾಕ್ಟೀರಿಯಾದ ಗುಣ ಬದಲಾಯಿಸಿ ಅದರಿಂದ ಈ ಸಕ್ಕರೆ ಮಾಡಿಸುತ್ತಾರೆ. ನೂರೈವತ್ತರಲ್ಲಿ ಒಂದೋ ಎರಡೋ, ಹೆಚ್ಚೆಂದರೆ ಬೆರಳೆಣಿಕೆಯಷ್ಟು. ಆ ಹಾಲಿನಲ್ಲಿ ನಿಮ್ಮ ಮನೆಯ ಕ್ರಿಮಿಗೆ ತಕ್ಕ ಐಜಿಎ ಅಂತೂ ಇಲ್ಲ.

ಮಿಕ್ಕವನ್ನು ಬೇಗ ಹೇಳುತ್ತೇನೆ. ಲ್ಯಾಕ್ಟೋಫೆರಿನ್ ಅಂತ ಒಂದು ಪ್ರೋಟೀನ್ ಇದೆ, ಕಬ್ಬಿಣಾಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು, ಸಿಗದಿದ್ದರೆ ಸೊರಗುತ್ತದೆ. ಲೈಸೋಜೈಮ್ ಇನ್ನೊಂದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮುಂಚೆ, 1922ರಲ್ಲಿ, ಮೂಗಿನ ಸಿಂಬಳದಲ್ಲಿ ಕಂಡ ಕಿಣ್ವ ಅದು. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುತ್ತದೆ. ಎದೆಹಾಲಿನಲ್ಲಿ ಹಸುವಿನ ಹಾಲಿಗಿಂತ ಸಾವಿರಾರು ಪಟ್ಟು ಇದೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪದರ ಇರುತ್ತದೆ, ಆಗ ಲ್ಯಾಕ್ಟೋಫೆರಿನ್ ಆ ಪದರವನ್ನು ಸಡಿಲ ಮಾಡುತ್ತದೆ, ಲೈಸೋಜೈಮ್ ಒಳಗೆ ನುಗ್ಗುತ್ತದೆ. ಹಾಲಿನ ಕೊಬ್ಬು ಕೂಡ ಸುಮ್ನೆ ಇರುವುದಿಲ್ಲ. ಅದನ್ನು ಒಡೆಯುವ ಕಿಣ್ವ ಎದೆಹಾಲಿನಲ್ಲೇ ಬರುತ್ತದೆ, ಕರುಳಿನಲ್ಲಿ ಪಿತ್ತರಸ ತಾಗಿದಾಗ ಚುರುಕಾಗುತ್ತದೆ, ಒಡೆದಾಗ ಸಿಗುವ ಕೊಬ್ಬಿನ ಆಮ್ಲಗಳು ಜಿಯಾರ್ಡಿಯಾ ಅನ್ನುವ ಹೊಟ್ಟೆಯ ಪರಾವಲಂಬಿಯನ್ನು ಕೊಲ್ಲುತ್ತವೆ ಅಂತ 1983ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಇದಲ್ಲದೆ ತಾಯಿಯ ಜೀವಂತ ಬಿಳಿ ರಕ್ತಕಣಗಳು, ಕರುಳಿನ ಒಳಪದರ ಬೇಗ ಬಲಿಯಲು ನೆರವಾಗುವ ಬೆಳವಣಿಗೆಯ ಅಂಶಗಳು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಕರುಳು ಊದಿ ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ, ಎದೆಹಾಲು ಸಿಕ್ಕ ಮಕ್ಕಳಲ್ಲಿ ಅದು ಕಡಿಮೆ. ತಾಯಿಯ ಹಾಲು ಸಾಲದಿದ್ದಾಗ ದಾನದ ಎದೆಹಾಲನ್ನಾದರೂ ಕೊಡಲು ದೊಡ್ಡ ಆಸ್ಪತ್ರೆಗಳು ಒದ್ದಾಡುವುದು ಅದಕ್ಕೇ. ಏಷ್ಯಾದಲ್ಲೇ ಮೊದಲ ಎದೆಹಾಲಿನ ಬ್ಯಾಂಕ್ ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾಯಿತು. ಬ್ಯಾಂಕಿನಲ್ಲಿ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಜೀವಕೋಶಗಳು ಸಾಯುತ್ತವೆ, ಐಜಿಎ ಸ್ವಲ್ಪ ಹೋಗುತ್ತದೆ, ಎಚ್‌ಎಂಒ ಹಾಗೇ ಉಳಿಯುತ್ತದೆ.

ಈಗ ಆ ಬೆಲ್ಲದ ನೀರಿಗೆ ಬರೋಣ. ಒಂದು ಚಮಚ ಕೊಟ್ಟರೆ ಏನಾಗುತ್ತದೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಮೊದಲನೆಯದು, ಆ ನೀರು, ಆ ಒಳಲೆ, ಆ ಕೈಯಿಂದ ಕ್ರಿಮಿಗೆ ನೇರ ದಾರಿ ಸಿಗುತ್ತದೆ. ಎರಡನೆಯದು, ಬೆಲ್ಲವನ್ನು ಬೈಫಿಡೋ ಅಷ್ಟೇ ಅಲ್ಲ, ಕಂಡಕಂಡ ಬ್ಯಾಕ್ಟೀರಿಯಾ ತಿನ್ನುತ್ತದೆ. ಅಷ್ಟು ಹುಷಾರಾಗಿ ಒಂದೇ ಗುಂಪಿಗೆ ಬಡಿಸಿದ ಊಟಕ್ಕೆ ಎಲ್ಲರನ್ನೂ ಕರೆದ ಹಾಗಾಯಿತು. ಮೂರನೆಯದು, ಹಸಿಗೂಸಿನ ಹೊಟ್ಟೆ ಬಲು ಚಿಕ್ಕದು. ಅದಕ್ಕೆ ನೀರು ತುಂಬಿದರೆ ಮಗು ಅಷ್ಟು ಕಡಿಮೆ ಚೀಪುತ್ತದೆ, ಕಡಿಮೆ ಚೀಪಿದರೆ ಹಾಲು ಕಡಿಮೆ ಆಗುತ್ತದೆ, ಆಮೇಲೆ "ನೋಡು, ಇವಳಿಗೆ ಹಾಲು ಸಾಲದು" ಅಂತ ಅದೇ ಮನೆಯವರು ಹೇಳುತ್ತಾರೆ. ಜೇನುತುಪ್ಪದ ವಿಷಯ ಇನ್ನೂ ಗಂಭೀರ. ಅದರಲ್ಲಿ ಬೊಟುಲಿಸಂ ಕಾಯಿಲೆಯ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಮೊಳೆಯುವುದಿಲ್ಲ, ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಹುದು. ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ.

"ಏಪ್ರಿಲ್ ಬಿಸಿಲಿನಲ್ಲಿ ಮಗುವಿನ ಗಂಟಲು ಒಣಗಲ್ವಾ?" ಅಂತ ಕೇಳುತ್ತಾರೆ. ನಮ್ಮ ಬಯಲುಸೀಮೆ ಬಿಸಿಲು ಕಂಡವರು ಕೇಳದೆ ಇರುತ್ತಾರಾ. ಎದೆಹಾಲಿನಲ್ಲಿ ಶೇಕಡಾ 87ರಷ್ಟು ನೀರೇ. ಸೆಕೆ ಜಾಸ್ತಿ ಇದ್ದರೆ ಮಗು ಜಾಸ್ತಿ ಸಲ ಹಾಲು ಕೇಳುತ್ತದೆ, ಕೊಟ್ಟರೆ ಮುಗಿಯಿತು. ನೀರು ಕುಡಿಯಬೇಕಾದವಳು ಬಾಣಂತಿ. ಅವಳಿಗೆ ಮಾತ್ರ "ನೀರು ಜಾಸ್ತಿ ಕುಡೀಬೇಡ, ಹೊಟ್ಟೆ ಬರುತ್ತೆ" ಅಂತ ಲೋಟ ಅಳೆದು ಕೊಡುತ್ತೇವೆ. ಕುಡಿಯಬೇಕಾದವಳಿಗೆ ಇಲ್ಲ, ಬೇಡದ ಕೂಸಿಗೆ ಒಳಲೆ ತುಂಬ.

ಇದೆಲ್ಲ ನಿಜಕ್ಕೂ ಕಾಯಿಲೆ ಕಡಿಮೆ ಮಾಡುತ್ತದಾ, ಅಥವಾ ಎದೆಹಾಲು ಕೊಡುವ ಮನೆಗಳೇ ಸ್ವಲ್ಪ ಶುಚಿಯಾಗಿರುತ್ತವಾ? ಒಳ್ಳೆಯ ಅನುಮಾನ. ಕೂಸುಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಎದೆಹಾಲು ಕೊಡಬೇಡಿ ಅನ್ನಲಾಗುವುದಿಲ್ಲ. 1996-97ರಲ್ಲಿ ಬೆಲಾರೂಸ್ ದೇಶದಲ್ಲಿ ಇದಕ್ಕೊಂದು ಉಪಾಯ ಮಾಡಿದರು. 31 ಆಸ್ಪತ್ರೆಗಳು, ಸುಮಾರು 17,000 ತಾಯಿ ಮಕ್ಕಳು. ಚೀಟಿ ಎತ್ತಿದ ಹಾಗೆ ಆಸ್ಪತ್ರೆಗಳನ್ನು ಎರಡು ಭಾಗ ಮಾಡಿ, ಒಂದು ಭಾಗದಲ್ಲಿ ತಾಯಂದಿರಿಗೆ ಹಾಲು ಕುಡಿಸಲು ಸರಿಯಾಗಿ ಹೇಳಿಕೊಟ್ಟು ಬೆನ್ನಿಗೆ ನಿಂತರು, ಇನ್ನೊಂದರಲ್ಲಿ ಮಾಮೂಲಿ ಹೇಗೋ ಹಾಗೆ. ಮೂರು ತಿಂಗಳಿಗೆ ಬರೀ ಎದೆಹಾಲು ಕುಡಿಯುತ್ತಿದ್ದವರು ಮೊದಲ ಭಾಗದಲ್ಲಿ ಶೇಕಡಾ 43.3, ಎರಡನೆಯದರಲ್ಲಿ 6.4. ಮೊದಲ ವರ್ಷದಲ್ಲಿ ಒಮ್ಮೆಯಾದರೂ ಹೊಟ್ಟೆ ಕರುಳಿನ ಸೋಂಕು ಬಂದ ಮಕ್ಕಳು ಮೊದಲ ಭಾಗದಲ್ಲಿ ಶೇಕಡಾ 9.1, ಎರಡನೆಯದರಲ್ಲಿ 13.2. ಅದೂ ಕುಡಿಯುವ ನೀರು ಚೆನ್ನಾಗಿದ್ದ ದೇಶದಲ್ಲಿ. ನೀರಿನ ಭರವಸೆ ಇಲ್ಲದ ಕಡೆ ಪುಡಿ ಹಾಲಿನ ಬಾಟಲಿಯ ಅಪಾಯ ಇನ್ನೂ ಜಾಸ್ತಿ ಅಂತ ಬೇರೆ ಹೇಳಬೇಕಿಲ್ಲ.

ಮಲದ ಬಗ್ಗೆ ಎರಡು ಮಾತು ಹೇಳದಿದ್ದರೆ ಲೇಖನ ಪೂರ್ತಿ ಆಗುವುದಿಲ್ಲ, ಯಾಕೆಂದರೆ ಹೊಸ ಅಮ್ಮಂದಿರು ರಾತ್ರಿ ಹನ್ನೊಂದಕ್ಕೆ ಫೋಟೊ ತೆಗೆದು ಗೆಳತಿಯರಿಗೆ ವಾಟ್ಸ್ಆ್ಯಪ್ ಮಾಡುವುದು ಅದನ್ನೇ. ಬಟ್ಟೆ ಬಿಚ್ಚಿದರೆ ಸಾಸಿವೆ ಅರೆದ ಬಣ್ಣದ, ನೀರುನೀರಾದ, ಸಣ್ಣ ಬಿಳಿ ಕಾಳುಗಳಿರುವ ಕಕ್ಕ, ಪ್ರತಿ ಸಲ ಹಾಲು ಕುಡಿದಾಗಲೂ ಸ್ವಲ್ಪ ಸ್ವಲ್ಪ. ಸ್ವಲ್ಪ ಹುಳಿ ವಾಸನೆ, ದೊಡ್ಡವರ ಮಲದ ದುರ್ನಾತ ಇಲ್ಲ. ಇದು ಭೇದಿ ಅಲ್ಲ. ಬರೀ ಎದೆಹಾಲು ಕುಡಿಯುವ ಮಗುವಿನ ಕರುಳು ಸರಿಯಾಗಿದೆ ಅಂತ ಅರ್ಥ, ಆ ಹುಳಿ ವಾಸನೆ ಮೇಲೆ ಹೇಳಿದ ಬೈಫಿಡೋಗಳ ಕೆಲಸ. ಒಂದೂವರೆ ತಿಂಗಳು ದಾಟಿದ ಕೆಲವು ಮಕ್ಕಳು ಕೆಲವು ದಿನ ಕಕ್ಕವನ್ನೇ ಮಾಡುವುದಿಲ್ಲ, ಮಾಡಿದಾಗ ಮೆತ್ತಗೇ ಇರುತ್ತದೆ, ಮಗು ಆಡಿಕೊಂಡಿರುತ್ತದೆ. ಅದಕ್ಕೆ ಹರಳೆಣ್ಣೆ ಕುಡಿಸುವ ಅಗತ್ಯ ಇಲ್ಲ.

ನಿಜವಾದ ಭೇದಿ ಅಂದರೆ ಇದ್ದಕ್ಕಿದ್ದಂತೆ ಮಾಮೂಲಿಗಿಂತ ತುಂಬ ಜಾಸ್ತಿ ಸಲ, ಪೂರ್ತಿ ನೀರಾಗಿ, ಅಥವಾ ರಕ್ತ ಬೆರೆತು ಹೋಗುವುದು. ಎದೆಹಾಲು ಕುಡಿಯುವ ಮಗುವಿಗೂ ಬರಬಹುದು. ಹಾಲು ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಆಗ ಹಾಲು ನಿಲ್ಲಿಸುವುದು ದೊಡ್ಡ ತಪ್ಪು. ಇನ್ನೂ ಜಾಸ್ತಿ ಸಲ ಕೊಡಬೇಕು. ಓಆರ್‌ಎಸ್ ಪೊಟ್ಟಣ, ಜಿಂಕ್ ಎರಡೂ ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಎಷ್ಟು ಕೊಡಬೇಕು ಅಂತ ಅವರೇ ಹೇಳುತ್ತಾರೆ. ಭೇದಿ ನಿಂತರೂ ಜಿಂಕ್ 14 ದಿನ ಮುಗಿಸಬೇಕು. ನೆತ್ತಿ ಒಳಗೆ ಇಳಿದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಉಚ್ಚೆ ಕಡಿಮೆ ಆಗಿದ್ದರೆ, ಚೀಪಲೂ ಆಗದಷ್ಟು ಸುಸ್ತಾಗಿದ್ದರೆ, ಮಲದಲ್ಲಿ ರಕ್ತ ಇದ್ದರೆ, ಅಥವಾ ಮಗುವಿಗೆ ಎರಡು ತಿಂಗಳೂ ತುಂಬಿಲ್ಲದಿದ್ದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹಾಗೆಯೇ ಎದೆಹಾಲು ಕೊಡುತ್ತಿದ್ದೇವೆ ಅಂತ ಲಸಿಕೆ ಬಿಡಬಾರದು. ಮಕ್ಕಳ ಭೇದಿಯಲ್ಲಿ ದೊಡ್ಡ ಪಾಲು ರೋಟಾವೈರಸ್ಸಿನದು. ಅದರ ಹನಿ 2016ರಲ್ಲಿ ನಮ್ಮ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿ, 2019ರ ಹೊತ್ತಿಗೆ ಇಡೀ ದೇಶಕ್ಕೆ ಬಂತು. 6, 10, 14ನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ. ಎದೆಹಾಲು ಒಂದು ಕಡೆಯಿಂದ ಕೆಲಸ ಮಾಡುತ್ತದೆ, ಲಸಿಕೆ ಇನ್ನೊಂದು ಕಡೆಯಿಂದ.

ಕೆಲವು ತಾಯಂದಿರಿಗೆ ಏನು ಮಾಡಿದರೂ ಹಾಲು ಸಾಲುವುದಿಲ್ಲ, ಕೆಲವರಿಗೆ ಕೊಡಲಾಗದ ಕಾಯಿಲೆ ಇರುತ್ತದೆ. ಅವರ ಮುಂದೆ ಈ ಲೇಖನ ಹಿಡಿದುಕೊಂಡು ಭಾಷಣ ಮಾಡಬೇಡಿ ದಯವಿಟ್ಟು. ಸ್ವಲ್ಪವೇ ಬಂದರೂ ಆ ಸ್ವಲ್ಪದಲ್ಲಿ ಇಷ್ಟೆಲ್ಲ ಇದೆ. ಪುಡಿ ಹಾಲು ಕೊಡಲೇಬೇಕಾದರೆ ಕುದಿಸಿದ ನೀರು, ಕುದಿಸಿದ ಲೋಟ ಚಮಚ, ಆಗಾಗಲೇ ಕಲಸಿ ಮಿಕ್ಕಿದ್ದನ್ನು ಚೆಲ್ಲುವುದು. ಬಾಟಲಿಗಿಂತ ಲೋಟ, ಒಳಲೆ ತೊಳೆಯುವುದು ಸುಲಭ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರುವಾಗುತ್ತದೆ, ಆಗಲೇಬೇಕು, ಬರೀ ಹಾಲು ಆಮೇಲೆ ಸಾಲದು. ಅದರ ಜೊತೆ ಎದೆಹಾಲು ಎರಡು ವರ್ಷ, ಬೇಕಾದರೆ ಅದಕ್ಕೂ ಮುಂದೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ವರ್ಷ ಆಯ್ತು, ಇನ್ನು ಅದರಲ್ಲಿ ಏನಿದೆ, ಬರೀ ನೀರು, ಬೇವು ಹಚ್ಚಿ ಬಿಡಿಸು" ಅನ್ನುವವರು ಇದನ್ನು ಕೇಳಬೇಕು. ಐಜಿಎ ಎರಡನೇ ವರ್ಷದಲ್ಲೂ ಬರುತ್ತಲೇ ಇರುತ್ತದೆ. ಆ ಲೈಸೋಜೈಮ್ ಇದೆಯಲ್ಲ, ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುವುದು, ಅದು ತಿಂಗಳು ಕಳೆದಂತೆ ಹಾಲಿನಲ್ಲಿ ಕಡಿಮೆಯಾಗುವ ಬದಲು ಏರುತ್ತದೆ. ಮಗು ಅಂಬೆಗಾಲಿಟ್ಟುಕೊಂಡು ಕೊಟ್ಟಿಗೆ ತನಕ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದೇ.